ಬ್ರೆಕ್ಸಿಟ್ ಜಗಳ ಆಮೇಲೆ, ಮೊದಲು ನಿಮ್ಮ ಪಾಸ್‌ಪೋರ್ಟಿನ ತಾರೀಖು ನೋಡಿ

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರು ಮೊದಲು ಕೇಳುವುದು ಮನೆ ಬಾಡಿಗೆ ಎಷ್ಟು ಅಂತ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತೆ ಅಂತ. ಆರು ತಿಂಗಳು ಕಳೆದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: "ಈ ಬ್ರೆಕ್ಸಿಟ್ 2020ರಲ್ಲೇ ಮುಗೀತಲ್ವಾ, ಆಫೀಸಲ್ಲಿ ಇವರು ಇನ್ನೂ ಯಾಕೆ ಕಿತ್ತಾಡ್ತಾರೆ? ನಮಗೇನಾದ್ರೂ ತೊಂದರೆ ಇದೆಯಾ?" ಮೊದಲ ಅರ್ಧಕ್ಕೆ ಉತ್ತರ ಉದ್ದ. ಎರಡನೆಯ ಅರ್ಧಕ್ಕೆ ಉತ್ತರ ಚಿಕ್ಕದು. ತೊಂದರೆ ಇದೆ, ಆದರೆ ಗಲಾಟೆ ಕೇಳಿಸುತ್ತಿರುವ ಕಡೆಯಿಂದ ಅಲ್ಲ.

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೋ ಬೇಡವೋ ಅನ್ನುವುದೇ ಬ್ರೆಕ್ಸಿಟ್; ಅದಕ್ಕೆ ಜನರ ಮತ ಕೇಳಿದಾಗ, 2016ರ ಜೂನ್ 23ರಂದು, ನಾನೂ ವೋಟ್ ಹಾಕಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ. ಅವತ್ತು ಲಂಡನ್ನಿನಲ್ಲಿ ಜಡಿಮಳೆ, ರೈಲುಗಳು ಅರ್ಧದಲ್ಲೇ ನಿಂತಿದ್ದವು, ನೆಂದ ಶೂ ಹಾಕಿಕೊಂಡೇ ಚರ್ಚ್ ಪಕ್ಕದ ಹಾಲ್‌ಗೆ ಹೋದೆ. ಬೆರಳಿಗೆ ಶಾಯಿ ಇಲ್ಲ, ಬಾಗಿಲಲ್ಲಿ ಬಂದೂಕು ಹಿಡಿದ ಪೊಲೀಸ್ ಇಲ್ಲ, ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್ ಅಷ್ಟೇ. ನಮ್ಮ ಊರಿನ ಮತಗಟ್ಟೆ ನೋಡಿದವನಿಗೆ ಇದೇನು ಮಕ್ಕಳಾಟ ಅನ್ನಿಸಿತು. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪೋಲೆಂಡಿನ ಹುಡುಗಿ ಇಲ್ಲಿಗೆ ಬಂದು ಹನ್ನೊಂದು ವರ್ಷ ಆಗಿತ್ತು, ತೆರಿಗೆ ಕಟ್ಟುತ್ತಿದ್ದಳು, ಮನೆ ಕೊಂಡಿದ್ದಳು. ಅವಳಿಗೆ ವೋಟ್ ಇರಲಿಲ್ಲ. ಬಂದು ಮೂರು ವರ್ಷ ಆಗಿದ್ದ ನನಗೆ ಇತ್ತು. ಭಾರತ ಕಾಮನ್‌ವೆಲ್ತ್ ದೇಶ, ಅಷ್ಟೇ ಕಾರಣ. ಅವಳ ಮುಂದಿನ ಬದುಕಿನ ಬಗ್ಗೆ ನಾನು ಕತ್ತರಿ ಗುರುತು ಹಾಕಿ ಬಂದೆ. ಯಾವ ಕಡೆಗೆ ಅಂತ ಕೇಳಬೇಡಿ, ಮನೆಯಲ್ಲೇ ಇನ್ನೂ ಹೇಳಿಲ್ಲ.

ಈ ಹಕ್ಕು ಈಗಲೂ ಇದೆ, ನಮ್ಮ ಅರ್ಧ ಜನಕ್ಕೆ ಗೊತ್ತೇ ಇಲ್ಲ. ನೀವು ಸ್ಟೂಡೆಂಟ್ ವೀಸಾದಲ್ಲಿದ್ದರೂ ಸರಿ, ಕೆಲಸದ ವೀಸಾದಲ್ಲಿದ್ದರೂ ಸರಿ, ಇಲ್ಲಿ ವಾಸವಾಗಿದ್ದು 18 ತುಂಬಿದ್ದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. 2023ರಿಂದ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ನಮ್ಮ ನೀಲಿ ಪಾಸ್‌ಪೋರ್ಟ್ ನಡೆಯುತ್ತದೆ. ರಾಜಕೀಯ ಬೇಡ ಅನ್ನುವವರೂ ಸೇರಿಸಿಕೊಳ್ಳಿ, ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಕೊಡುವವರು ನಿಮ್ಮ ವಿಳಾಸ ನಂಬುತ್ತಾರೆ.

ಇನ್ನು ಜಗಳದ ವಿಷಯ. ಲೆಕ್ಕ ಗೊತ್ತಿರಲಿ: ಹೊರಡೋಣ ಅಂದವರು ಶೇ. 51.9, ಇರೋಣ ಅಂದವರು ಶೇ. 48.1. ಸ್ಕಾಟ್‌ಲೆಂಡಿನಲ್ಲಿ ಇರೋಣ ಅಂದವರೇ ಶೇ. 62. ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ. ಬಿಟ್ಟರೆ ಹೇಗೆ ಬಿಡಬೇಕು ಅನ್ನೋದು ಅದರಲ್ಲಿ ಇರಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಹಿಸ್ಸೆ ಆಗುವುದನ್ನು ನೋಡಿದ್ದೀರಲ್ವಾ? ಹೊಲ ಅಳೆಯುವ ತನಕ ಎಲ್ಲ ಸರಿ ಇರುತ್ತೆ, ಬಾವಿ ಯಾರದು, ಬಾವಿಗೆ ಹೋಗುವ ಕಾಲುದಾರಿ ಯಾರ ಬದುವಿನ ಮೇಲೆ ಅನ್ನುವಲ್ಲಿ ಕೋರ್ಟು ಕಚೇರಿ ಶುರುವಾಗುತ್ತದೆ. ಇಲ್ಲಿ ಆ ಕಾಲುದಾರಿ ಅಂದರೆ ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಪಾಲು, ಪಕ್ಕದ ಐರ್ಲೆಂಡ್ ಯುರೋಪಿನ ಪಾಲು. ವರ್ಷಗಟ್ಟಲೆ ರಕ್ತ ಹರಿದ ಮೇಲೆ 1998ರಲ್ಲಿ ಒಪ್ಪಂದ ಆಗಿ, ಆ ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲದೆ ಬದುಕುವುದನ್ನು ಜನ ಕಲಿತಿದ್ದರು. ಈಗ ಸರಕು ತಪಾಸಣೆ ಎಲ್ಲಿ ಮಾಡೋದು? ನೆಲದ ಮೇಲೆ ಮಾಡಿದರೆ ಹಳೆಯ ಗಾಯ ಕೆದಕಿದಂತೆ, ಸಮುದ್ರದಲ್ಲಿ ಮಾಡಿದರೆ ನಮ್ಮದೇ ದೇಶದೊಳಗೆ ಗಡಿ ಹಾಕಿದಂತೆ ಅಂತ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ಒಂದು ಬಣ ಕೂಗಿತು. ಕೊನೆಗೆ ಸಮುದ್ರದಲ್ಲೇ ಆಯಿತು, 2023ರಲ್ಲಿ ವಿಂಡ್ಸರ್ ಚೌಕಟ್ಟು ಅಂತ ಮಾಡಿ ಸ್ವಲ್ಪ ಸಡಿಲ ಮಾಡಿದರು.

ಇಲ್ಲೊಂದು ಮಾತು ಸೇರಿಸಬೇಕು. ಗಡಿಯಲ್ಲಿ ಗೇಟ್ ಇಲ್ಲ ಅಂದಮಾತ್ರಕ್ಕೆ ನಮಗೆ ವೀಸಾ ಬೇಡ ಅಂತ ಅಲ್ಲ. ಬೆಲ್‌ಫಾಸ್ಟಿಗೆ ಟೂರ್ ಹೋದ ನಮ್ಮ ಹುಡುಗರು "ಬಸ್ ಎರಡು ಗಂಟೆ ಅಷ್ಟೇ" ಅಂತ ಡಬ್ಲಿನ್‌ಗೆ ಹತ್ತಿಬಿಡುತ್ತಾರೆ. ಭಾರತದ ಪಾಸ್‌ಪೋರ್ಟ್, ಇಲ್ಲಿನ ಕೆಲಸದ ವೀಸಾ ಇದ್ದವರಿಗೆ ಐರ್ಲೆಂಡಿನ ವೀಸಾ ಬೇರೆ ಬೇಕು. ದಾರಿಯಲ್ಲಿ ಬಸ್ ನಿಲ್ಲಿಸಿ ಕೇಳುವುದುಂಟು. ಇದು ಬ್ರೆಕ್ಸಿಟ್‌ಗಿಂತ ಹಳೆಯ ನಿಯಮ.

ಜಗಳ ಪಾರ್ಲಿಮೆಂಟಿನೊಳಗೆ ಹೇಗೆ ನಡೆಯಿತು ಅಂತ ತಿಳಿದರೆ ಈ ದೇಶ ಅರ್ಧ ಅರ್ಥವಾಗುತ್ತದೆ. ಆಗಿನ ಪ್ರಧಾನಿ ತೆರೇಸಾ ಮೇ ಸುಮಾರು ಒಂದೂವರೆ ವರ್ಷ ಯುರೋಪಿನ ಜೊತೆ ಕೂತು ಒಪ್ಪಂದ ತಂದರು. ಅದು ಕೆಲಸಕ್ಕೆ ಬರಲಿಲ್ಲ, ಯಾಕಂದರೆ ಇಲ್ಲಿ ಪ್ರಧಾನಿ ಮಾತು ಕೊಟ್ಟರೂ ಪಾರ್ಲಿಮೆಂಟ್ ಒಪ್ಪಬೇಕು. ಇಲ್ಲಿನ ಎಂಪಿಗಳು ಬಟನ್ ಒತ್ತುವುದಿಲ್ಲ, ಗಂಟೆ ಬಾರಿಸಿದ ಮೇಲೆ ಎಂಟು ನಿಮಿಷದೊಳಗೆ ಎದ್ದು ನಡೆದು, ಹೌದು ಅನ್ನುವವರು ಒಂದು ಓಣಿಗೆ, ಇಲ್ಲ ಅನ್ನುವವರು ಇನ್ನೊಂದು ಓಣಿಗೆ ಹೋಗುತ್ತಾರೆ, ಬಾಗಿಲಲ್ಲಿ ನಿಂತವರು ತಲೆ ಎಣಿಸುತ್ತಾರೆ. 2019ರ ಜನವರಿ 15ರ ರಾತ್ರಿ ಹೌದು 202, ಇಲ್ಲ 432. ಪ್ರಧಾನಿಯ ಪಕ್ಷದವರೇ ನೂರಕ್ಕೂ ಜಾಸ್ತಿ ಜನ "ಇಲ್ಲ" ಅನ್ನುವ ಓಣಿಗೆ ನಡೆದಿದ್ದರು. ಮಾರ್ಚ್‌ನಲ್ಲಿ ಮತ್ತೆ ಎರಡು ಸಲ ಸೋಲು. ನಿಮಗೇನು ಬೇಕು ನೀವೇ ಹೇಳಿ ಅಂತ ಮಾರ್ಚ್ 27ರಂದು ಎಂಟು ದಾರಿ ಎದುರಿಗಿಟ್ಟರೆ ಎಂಟಕ್ಕೂ ಬಹುಮತ ಇಲ್ಲ! ಹೊರಡಬೇಕಿದ್ದ ತಾರೀಖು ಮಾರ್ಚ್ 29 ಬಂತು, ಹೋಯಿತು. ಅಕ್ಟೋಬರ್ 31 ಬಂತು, ಅದೂ ಹೋಯಿತು. ನಡುವೆ, ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಐದು ವಾರ ಪಾರ್ಲಿಮೆಂಟಿಗೇ ಬೀಗ ಹಾಕಿಸಿದರೆ, ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರೂ ಒಂದೇ ಬಾಯಲ್ಲಿ ಅದು ಕಾನೂನಿಗೆ ವಿರುದ್ಧ ಅಂದರು.

ಆ ಮಾರ್ಚ್‌ನಲ್ಲಿ ಅಪ್ಪ ಅಮ್ಮ ಧಾರವಾಡದಿಂದ ಬಂದಿದ್ದರು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ ಇದೆಯಲ್ಲ, 2015ರಲ್ಲಿ ಮೋದಿ ಬಂದು ಅನಾವರಣ ಮಾಡಿದ್ದು, ಅದನ್ನು ತೋರಿಸಲು ಕರೆದುಕೊಂಡು ಹೋದೆ. ಎದುರು ದಂಡೆಯಲ್ಲೇ ಪಾರ್ಲಿಮೆಂಟ್. ಬಸವಣ್ಣ ನಿಂತಿರುವ ಲ್ಯಾಂಬೆತ್‌ನಲ್ಲಿ ಶೇ. 78ಕ್ಕೂ ಹೆಚ್ಚು ಜನ ಇರೋಣ ಅಂದಿದ್ದರು ಅಂತ ನಾನು ಅಪ್ಪನಿಗೆ ವಿವರಿಸುತ್ತಿದ್ದರೆ, ಅಮ್ಮನ ಗಮನವೆಲ್ಲ ಆಚೆ ದಂಡೆಯ ಕೂಗಿನ ಮೇಲೆ. ಸೇತುವೆ ದಾಟಿ ಹೋದೆವು. ಒಂದು ಕಡೆ ನೀಲಿ ಬಾವುಟ, ನಕ್ಷತ್ರ. ಇನ್ನೊಂದು ಕಡೆ ಯೂನಿಯನ್ ಜಾಕ್. ಎತ್ತರದ ಟೋಪಿ ಹಾಕಿದ ಒಬ್ಬ ಮೆಗಾಫೋನ್‌ನಲ್ಲಿ ಅರಚುತ್ತಿದ್ದ, ಎದುರಿನವರು ಅವನಿಗೆ ಅರಚುತ್ತಿದ್ದರು, ನಡುವೆ ಇಬ್ಬರು ಪೊಲೀಸರು ಪೇಪರ್ ಲೋಟದಲ್ಲಿ ಟೀ ಕುಡಿಯುತ್ತಿದ್ದರು. "ಇವರ್ಯಾಕೆ ಸುಮ್ನೆ ನಿಂತಾರ?" ಅಂದರು ಅಮ್ಮ. ಯಾರೂ ಯಾರನ್ನೂ ಹೊಡೆದಿಲ್ಲವಲ್ಲ, ಅದಕ್ಕೆ. ವೀಸಾದ ಮೇಲಿರುವ ನಾವೂ ಇಂಥ ಮೆರವಣಿಗೆಗೆ ಹೋಗಬಹುದು, ತಪ್ಪಿಲ್ಲ. ಆದರೆ ಕೇಸು ಬಿದ್ದು ಶಿಕ್ಷೆ ಆದರೆ ವೀಸಾಕ್ಕೆ ಕುತ್ತು, ಹಾಗಾಗಿ ಗುಂಪು ಬಿಸಿಯಾದ ಕೂಡಲೇ ಜಾಗ ಖಾಲಿ ಮಾಡಿ.

ಕೂಗುವುದು ಬೇಡ ಅನ್ನುವವರಿಗೆ ಪಾರ್ಲಿಮೆಂಟಿನ ಅರ್ಜಿ ಇದೆ. ಇಲ್ಲಿ ವಾಸ ಇರುವವರು ಯಾರು ಬೇಕಾದರೂ ಸಹಿ ಹಾಕಬಹುದು. 10,000 ಸಹಿ ಆದರೆ ಸರ್ಕಾರ ಉತ್ತರ ಕೊಡಬೇಕು, ಒಂದು ಲಕ್ಷ ಆದರೆ ಚರ್ಚೆಗೆ ತೆಗೆದುಕೊಳ್ಳುವ ಬಗ್ಗೆ ಯೋಚಿಸುತ್ತಾರೆ. 2019ರಲ್ಲಿ ಬ್ರೆಕ್ಸಿಟ್ ರದ್ದು ಮಾಡಿ ಅಂತ ಹಾಕಿದ ಅರ್ಜಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಚರ್ಚೆ ಆಯಿತು, ಸರ್ಕಾರ ಆಗಲ್ಲ ಅಂದಿತು, ಮುಗೀತು. ಅರ್ಜಿಯ ಬಲ ಅಷ್ಟೇ. ನಿಮ್ಮ ಸ್ವಂತ ವೀಸಾ ಕಾಗದ ಎಲ್ಲೋ ಸಿಕ್ಕಿಕೊಂಡಿದ್ದರೆ ಅದಕ್ಕಿಂತ ನಿಮ್ಮ ಕ್ಷೇತ್ರದ ಎಂಪಿಗೆ ಒಂದು ಈಮೇಲ್ ಬರೆಯೋದು ವಾಸಿ, ವಿಳಾಸ ಪಿನ್‌ಕೋಡ್ ಸಮೇತ. ನೀವು ಅವರಿಗೆ ಓಟು ಹಾಕಿರಬೇಕು ಅಂತೇನಿಲ್ಲ.

ಈಗ ಅಸಲು ವಿಷಯ. ಬ್ರೆಕ್ಸಿಟ್ ಒಪ್ಪಂದಕ್ಕೆ ಪಾರ್ಲಿಮೆಂಟಿನಲ್ಲಿ ಮೂರು ವರ್ಷ ಕುಸ್ತಿ ನಡೆಯಿತು, ಟಿವಿಯವರು ಡೇರೆ ಹಾಕಿ ಕೂತಿದ್ದರು. ನಮ್ಮ ವೀಸಾ ನಿಯಮ ಹಾಗೆ ಬದಲಾಗುವುದಿಲ್ಲ. ಗೃಹ ಇಲಾಖೆ ಒಂದು ಬದಲಾವಣೆ ಪಟ್ಟಿ ತಂದು ಪಾರ್ಲಿಮೆಂಟಿನ ಮೇಜಿನ ಮೇಲಿಡುತ್ತದೆ, ಯಾರೂ ತಲೆ ಎಣಿಸುವುದಿಲ್ಲ, ಸಾಮಾನ್ಯವಾಗಿ 21 ದಿನದಲ್ಲಿ ಜಾರಿ. 2025ರ ಜುಲೈ 1ಕ್ಕೆ ಇಟ್ಟ ಪಟ್ಟಿ ಜುಲೈ 22ಕ್ಕೆ ಜಾರಿಯಾಯಿತು. ಕ್ಯಾಂಟೀನಿನಲ್ಲಿ ಯಾರೂ ಅದಕ್ಕೆ ಜಗಳ ಆಡಲಿಲ್ಲ.

ವೀಸಾಕ್ಕೆ ಬೇಕಾದ ಸಂಬಳದ ಮೊತ್ತ ನೋಡಿ. ಯುರೋಪಿನವರು ಸುಮ್ನೆ ಬಂದು ಕೆಲಸ ಮಾಡುವ ಸೌಲಭ್ಯ 2020ರ ಡಿಸೆಂಬರ್ 31ಕ್ಕೆ ನಿಂತಿತು. ಅವರೂ ನಾವೂ ಒಂದೇ ಸಾಲಿಗೆ ಬಂದೆವು. ಅದೇ ಹೊತ್ತಿಗೆ ಸರ್ಕಾರ ನಮ್ಮ ಬಾಗಿಲನ್ನೂ ಸ್ವಲ್ಪ ಅಗಲ ಮಾಡಿತು: ಸ್ಕಿಲ್ಡ್ ವರ್ಕರ್ ಅನ್ನುವ ಕೆಲಸದ ವೀಸಾಕ್ಕೆ ವರ್ಷದ ಸಂಬಳದ ಕನಿಷ್ಠ ಮಿತಿ 30,000 ಪೌಂಡ್‌ನಿಂದ 25,600ಕ್ಕೆ ಇಳಿಯಿತು, ಮೊದಲು ಇಲ್ಲಿಯವರನ್ನು ಹುಡುಕಿ ಅನ್ನುವ ಷರತ್ತು ಹೋಯಿತು, 2021ರ ಜುಲೈನಿಂದ ಓದು ಮುಗಿಸಿದವರಿಗೆ ಎರಡು ವರ್ಷದ ಗ್ರ್ಯಾಜುಯೇಟ್ ವೀಸಾ ಬಂತು. ಬೆಂಗಳೂರಿನಿಂದ ಆ ವರ್ಷಗಳಲ್ಲಿ ಬಂದ ಎಷ್ಟೋ ಜನ ಬ್ರೆಕ್ಸಿಟ್ ತೆರೆದ ಬಾಗಿಲಲ್ಲೇ ಒಳಗೆ ಬಂದವರು, ಈಗ ಬ್ರೆಕ್ಸಿಟ್ ಬೈಯುತ್ತಾರೆ! ಆಮೇಲೆ ಬರುವವರು ಜಾಸ್ತಿಯಾದರು, ಬಾಗಿಲು ಮುಚ್ಚತೊಡಗಿತು. ಮಿತಿ 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 26,200ರಿಂದ 38,700ಕ್ಕೆ ಹಾರಿತು, 2025ರ ಜುಲೈನಲ್ಲಿ 41,700 ಆಯಿತು. ಮೊದಲೇ ಈ ವೀಸಾದಲ್ಲಿದ್ದವರಿಗೆ ಕಡಿಮೆ ಮಿತಿ ಇದೆ, ಆದರೆ ಕೆಲಸ ಬಿಟ್ಟು ವೀಸಾ ಬದಲಿಸುವ ಮೊದಲು ನಿಮಗೆ ಯಾವ ಲೆಕ್ಕ ಅನ್ವಯಿಸುತ್ತೆ ಅಂತ ಸರ್ಕಾರದ ವೆಬ್‌ಸೈಟಿನಲ್ಲೇ ಓದಿ, ವಾಟ್ಸಾಪ್ ಗುಂಪಿನ ಅಣ್ಣಂದಿರನ್ನು ನಂಬಬೇಡಿ. ಮಂತ್ರಿ ಟಿವಿಯಲ್ಲಿ ಹೇಳಿದ ದಿನ ಗಾಬರಿ ಬೇಡ. ಪಟ್ಟಿ ಮೇಜಿಗೆ ಬಂದ ದಿನ ಕ್ಯಾಲೆಂಡರ್ ತೆಗೆಯಿರಿ.

ಊರಿಗೆ ದುಡ್ಡು ಕಳಿಸುವವರಿಗೆ ಇನ್ನೊಂದು. 2016ರ ಎಣಿಕೆಯ ರಾತ್ರಿ ನೂರು ರೂಪಾಯಿ ಆಸುಪಾಸಿನಲ್ಲಿದ್ದ ಪೌಂಡ್, ಅದೇ ಅಕ್ಟೋಬರ್ ಹೊತ್ತಿಗೆ ಎಂಬತ್ತರ ಹತ್ತಿರ ಬಂದಿತ್ತು. ಹುಬ್ಬಳ್ಳಿಯಲ್ಲಿ ಮನೆ ಸಾಲದ ಕಂತು ಕಟ್ಟುತ್ತಿದ್ದ ನನಗೆ ಅದು ಪಾರ್ಲಿಮೆಂಟಿನ ಎಲ್ಲ ಭಾಷಣಕ್ಕಿಂತ ಬೇಗ ತಲುಪಿತು.

ಪ್ರವಾಸಕ್ಕೆ ಬಂದರೆ, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಏನೂ ಬದಲಾಗಿಲ್ಲ, ಪ್ಯಾರಿಸ್‌ಗೆ ಅವತ್ತೂ ಷೆಂಗನ್ ವೀಸಾ ಬೇಕಿತ್ತು, ಈಗಲೂ ಬೇಕು. ಏಟು ಬಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡ ನಮ್ಮವರಿಗೆ. ಯುರೋಪಿನಲ್ಲಿ ವೀಸಾ ಇಲ್ಲದೆ ಇರಬಹುದಾದದ್ದು 180 ದಿನದಲ್ಲಿ 90 ದಿನ ಮಾತ್ರ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ. ಅದಕ್ಕಿಂತ ಕೆಟ್ಟ ಗುಂಡಿ ಒಂದಿದೆ: ಯುರೋಪಿಗೆ ಕಾಲಿಡುವ ದಿನ ಪಾಸ್‌ಪೋರ್ಟಿಗೆ ಹತ್ತು ವರ್ಷ ತುಂಬಿರಬಾರದು, ವಾಪಸ್ ಹೊರಡುವ ದಿನದಿಂದ ಮೂರು ತಿಂಗಳು ಬಾಕಿ ಇರಬೇಕು. 2018ರ ಸೆಪ್ಟೆಂಬರ್‌ಗೆ ಮುಂಚೆ ರಿನ್ಯೂ ಮಾಡಿಸಿದವರಿಗೆ ಹಳೆಯ ಪಾಸ್‌ಪೋರ್ಟಿನ ಉಳಿದ ತಿಂಗಳುಗಳನ್ನೂ ಸೇರಿಸಿ ಕೊಡುತ್ತಿದ್ದರು, ಒಂಬತ್ತು ತಿಂಗಳವರೆಗೆ. ಮುಗಿಯುವ ತಾರೀಖು ದೂರ ಇದೆ ಅಂತ ದಾವಣಗೆರೆಯ ಗೆಳೆಯ ಇಬ್ಬರು ಮಕ್ಕಳು, ನಾಲ್ಕು ಸೂಟ್‌ಕೇಸ್ ಸಮೇತ ಏರ್‌ಪೋರ್ಟಿಗೆ ಹೋದ, ಕೌಂಟರಿನಲ್ಲಿ ಪಾಸ್‌ಪೋರ್ಟ್ ಇಶ್ಯೂ ಆದ ತಾರೀಖು ನೋಡಿ ವಾಪಸ್ ಕಳಿಸಿದರು. ಮಕ್ಕಳು ಟ್ಯಾಕ್ಸಿಯಲ್ಲಿ ಅತ್ತದ್ದನ್ನು ಅವನು ಇನ್ನೂ ಹೇಳುತ್ತಾನೆ.

ಇನ್ನೊಂದು, ತಿಂಡಿ ಡಬ್ಬಿ. 2021ರ ಜನವರಿಯಲ್ಲಿ ಹಾಲೆಂಡಿನ ಬಂದರಿನಲ್ಲಿ ಬ್ರಿಟನ್ನಿನಿಂದ ಬಂದ ಲಾರಿಯವರ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದನ್ನು ಟಿವಿಯಲ್ಲಿ ನೋಡಿ ಹೊಟ್ಟೆ ತುಂಬ ನಕ್ಕಿದ್ದೆ. ನಾವು ಮಾಂಸ ತಿನ್ನಲ್ಲವಲ್ಲ ಅಂತ. ಆ ನಿಯಮದಲ್ಲಿ ಮಾಂಸದ ಪಕ್ಕದಲ್ಲೇ ಹಾಲು, ಹಾಲಿನ ಪದಾರ್ಥ ಅಂತಲೂ ಇದೆ. ಮರುವರ್ಷ ಅಕ್ಕನ ಮನೆಗೆ ಅದೇ ಹಾಲೆಂಡಿಗೆ ಹೊರಟಾಗ ಹೆಂಡತಿ ಕಾಯಿಸಿದ ಒಂದು ಕೆಜಿ ತುಪ್ಪ ಚೀಲದಲ್ಲಿತ್ತು. ಅಧಿಕಾರಿ ಮುಚ್ಚಳ ತೆಗೆದು ಮೂಸಿ ನೋಡಿದ, ಒಳ್ಳೆ ವಾಸನೆ ಅಂದ, ನೀಲಿ ಡಬ್ಬಕ್ಕೆ ಹಾಕಿದ. ಶೇಂಗಾ ಚಟ್ನಿಪುಡಿ ಬಿಟ್ಟ. ಆ ವಾರ ಪೂರ್ತಿ ಅದಕ್ಕೆ ಎಣ್ಣೆ ಕಲಸಿಕೊಂಡೇ ತಿಂದೆವು.