ಸೊಪ್ಪಿನಬೆಟ್ಟದ ಮಣ್ಣಿನಿಂದ ಹೊಸ ಬ್ಯಾಕ್ಟೀರಿಯಾ: ನನ್ನ ಅನುಭವ

ಶಿರಸಿ ಸೀಮೆಯ ಒಂದು ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡಿನ) ಮಣ್ಣಿನಿಂದ ಆಸಿಡೊಬ್ಯಾಕ್ಟೀರಿಯಾ ಗುಂಪಿನ ಹೊಸ ಪ್ರಭೇದವೊಂದನ್ನು ಬೆಳೆಸಿ, ವರ್ಗೀಕರಣಕ್ಕೆ ಬೇಕಾದ ಪರೀಕ್ಷೆಗಳನ್ನೆಲ್ಲ ಮುಗಿಸಿದ್ದೇನೆ. ಈ ಗುಂಪಿನ ಡಿಎನ್‌ಎ ಯಾವ ಮಣ್ಣಿನಲ್ಲಿ ಹುಡುಕಿದರೂ ಸಿಗುತ್ತದೆ; ಆದರೆ 1991ರಲ್ಲಿ ಜಪಾನಿನ ಗಣಿಯ ಆಮ್ಲೀಯ ನೀರಿನಿಂದ ಬೇರ್ಪಡಿಸಿದ ಆಸಿಡೊಬ್ಯಾಕ್ಟೀರಿಯಂ ಕ್ಯಾಪ್ಸುಲೇಟಮ್‌ಗೆ ಹೆಸರಿಟ್ಟ ಮೇಲೂ ಪ್ಲೇಟಿನ ಮೇಲೆ ಬೆಳೆಸಲು ಸಾಧ್ಯವಾದವು ಕಡಿಮೆಯೇ. ಪದವಿ ಕಾಲೇಜಿನ ಲ್ಯಾಬಿನಲ್ಲಿ ಇದು ಆಗುವ ಕೆಲಸವಲ್ಲ, ಬೂಷ್ಟು ಬೆಳೆಸಿ ದುಡ್ಡು ಕಳೆಯುತ್ತೀರಿ ಎಂದು ಬಲ್ಲವರೇ ಹೇಳಿದ್ದರು. ಮೊದಲ ವರ್ಷ ಅವರ ಮಾತೇ ನಿಜವೆಂಬಂತೆ ಕಂಡಿತು.

ಪೋಷಕಾಂಶ ಬೆರೆಸಿದ ಜೆಲ್ಲಿಯಾದ ನ್ಯೂಟ್ರಿಯೆಂಟ್ ಅಗಾರಿನ ಮೇಲೆ ಎರಡೇ ದಿನದಲ್ಲಿ ಬೇಗ ಬೆಳೆಯುವ ಬ್ಯಾಸಿಲಸ್ ಬ್ಯಾಕ್ಟೀರಿಯಾ ಹರಡಿಕೊಳ್ಳುತ್ತಿತ್ತು. ಬ್ರಾತನ್ನು (ಪೋಷಕ ದ್ರವವನ್ನು) ನೂರು ಪಟ್ಟು ತೆಳುಗೊಳಿಸಿ, ಪಿಎಚ್ 5.5ಕ್ಕೆ ಇಳಿಸಿ, ಬೂಷ್ಟು ತಡೆಯುವ ಸೈಕ್ಲೋಹೆಕ್ಸಿಮೈಡ್ ಹಾಕಿದ ಮೇಲೆ ಬೂಷ್ಟು ಹತೋಟಿಗೆ ಬಂದರೂ ಬೇಕಾದದ್ದು ಬರಲಿಲ್ಲ. ದಾರಿ ತೆರೆದದ್ದು 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ ಸಂಗತಿಯಿಂದ: ಫಾಸ್ಫೇಟ್ ಮತ್ತು ಅಗಾರನ್ನು ಒಟ್ಟಿಗೆ ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿದರೆ) ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ನಾಜೂಕಾದ ಬ್ಯಾಕ್ಟೀರಿಯಾ ಜಾತಿಗಳು ಅದನ್ನು ತಾಳುವುದಿಲ್ಲ. ನಾನು ಫಾಸ್ಫೇಟನ್ನು ಬೇರೆ ಬಾಟಲಿಯಲ್ಲಿ ಕಾಯಿಸಿ ಕೊನೆಗೆ ಸೇರಿಸತೊಡಗಿದೆ. ಜತೆಗೆ ಅಗಾರನ್ನೇ ಬಿಟ್ಟು, ಅದರಂತೆಯೇ ಜೆಲ್ಲಿಯಾಗುವ ಗೆಲ್ಲನ್ ಗಮ್ ಹಿಡಿದೆ. ಬಾಳೆ ಸಸಿ ಮಾಡುವ ಟಿಶ್ಯೂ ಕಲ್ಚರ್ ಲ್ಯಾಬಿನವರು ಬಳಸುವ ದರ್ಜೆಯದೇ ಸಾಕು. ಬೆಲೆ ಅಗಾರಿನ ಎರಡು ಪಟ್ಟಿಗೂ ಹೆಚ್ಚೆನಿಸಿದರೂ ಲೀಟರಿಗೆ ಹದಿನೈದು ಗ್ರಾಂ ಬದಲು ಎಂಟು ಗ್ರಾಂ ಸಾಕಾಗುವುದರಿಂದ ಹೊರೆ ಅಷ್ಟೇನಲ್ಲ. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಇಲ್ಲದಿದ್ದರೆ ಅದು ಗಟ್ಟಿಯಾಗುವುದಿಲ್ಲ, ಹಾಕಿದರೆ ಸುರಿಯುವ ಮೊದಲೇ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದೆ. ಕೈಚಳಕ ಕೂಡಿಬರುವ ಹೊತ್ತಿಗೆ ಹಲವು ಬಾಟಲಿ ಬೆಳೆಸುವ ಮಾಧ್ಯಮ ಮೋರಿ ಸೇರಿತ್ತು.

ಇನ್ನೊಂದು ತೊಡಕು ಕಾಯುವುದು. ಬೇಕಾದವು ನಿಧಾನವಾಗಿ ಬೆಳೆಯುವುದರಿಂದ 25 ಡಿಗ್ರಿಯಲ್ಲಿ ಮೂರು ತಿಂಗಳು ಪ್ಲೇಟ್ ಇಡಬೇಕು, ಆದರೆ ಮೂರನೇ ವಾರಕ್ಕೇ ಅದು ಒಣಗಿ ಕಾಗದವಾಗುತ್ತದೆ. ತೇವ ಉಳಿಸಿಕೊಂಡೂ ಮುಚ್ಚಳದಿಂದ ನೀರು ತೊಟ್ಟಿಕ್ಕದಂತೆ ಪ್ಲೇಟುಗಳನ್ನು ಜೋಡಿಸುವ ವಿಧಾನವೊಂದನ್ನು ನಾನೇ ಕಂಡುಕೊಂಡಿದ್ದೇನೆ, ಸದ್ಯಕ್ಕೆ ಅದು ನನ್ನ ಲ್ಯಾಬಿನಲ್ಲಿಯೇ ಇರಲಿ. ಮೊದಲ ಮೂರು ವಾರದಲ್ಲಿ ಎದ್ದ ಪ್ರತಿ ಕಾಲೊನಿಯ (ಒಂದೆಡೆ ಬೆಳೆದ ಬ್ಯಾಕ್ಟೀರಿಯಾ ಮುದ್ದೆಯ) ಅಡಿಗೂ ಮಾರ್ಕರಿನಿಂದ ಚುಕ್ಕೆ ಇಟ್ಟು ಬಿಟ್ಟುಬಿಡುತ್ತೇನೆ. ಚುಕ್ಕೆ ಇಲ್ಲದ ಜಾಗದಲ್ಲಿ ಆಮೇಲೆ ಮೂಡಿದವನ್ನು ಮಾತ್ರ ಸ್ಟೀರಿಯೋ ಮೈಕ್ರೋಸ್ಕೋಪಿನಡಿ ಸೂಜಿಯಿಂದ ಎತ್ತುತ್ತೇನೆ. ನಮ್ಮ ತಳಿ ಸಿಕ್ಕಿದ್ದು ಹೀಗೆಯೇ, ಹತ್ತನೇ ವಾರದ ಸುಮಾರಿಗೆ: ಸಾಸಿವೆಯ ಕಾಲುಭಾಗವೂ ಇಲ್ಲದ, ತಿಳಿ ಗುಲಾಬಿ ಬಣ್ಣದ, ಸೂಜಿ ತಾಗಿದರೆ ಎಳೆ ಎಳೆಯಾಗಿ ಅಂಟಿ ಬರುವ ಕಾಲೊನಿ.

ಆ ಅಂಟೇ ಮುಂದೆ ಕಾಡಿತು. ಕೋಶದ ಸುತ್ತಲಿನ ಪಾಲಿಸ್ಯಾಕರೈಡಿನಿಂದಾಗಿ (ಸಕ್ಕರೆಯ ಸರಪಳಿಗಳಿಂದಾಗಿ) ಕಾಲೊನಿ ಪಿಸಿಆರ್, ಅಂದರೆ ಕಾಲೊನಿಯಿಂದಲೇ ನೇರವಾಗಿ ಜೀನಿನ ಪ್ರತಿ ಮಾಡುವುದು, ಆಗಲೇ ಇಲ್ಲ. ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಡಿಎನ್‌ಎ ತೆಗೆದು, 27ಎಫ್ ಮತ್ತು 1492ಆರ್ ಪ್ರೈಮರುಗಳಿಂದ (ಪ್ರತಿ ಶುರುಮಾಡುವ ಡಿಎನ್‌ಎ ತುಣುಕುಗಳಿಂದ) ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನನ್ನು ಓದಿಸಬೇಕಾಯಿತು. ಒಂದು ಓದಿಗೆ ಐನೂರು ರೂಪಾಯಿಯ ಆಸುಪಾಸು, ಆದರೆ ಶುದ್ಧವಾಗದ ತಳಿಗಳ ಸೀಕ್ವೆನ್ಸಿನಲ್ಲಿ ಎರಡು ಜಾತಿಗಳ ಸಂಕೇತ ಬೆರೆತ ಜೋಡಿ ಶಿಖರಗಳು ಬಂದು ಇಪ್ಪತ್ತು ಸಾವಿರದಷ್ಟು ಹಾಗೆಯೇ ಹೋಯಿತು, ಅದರಲ್ಲಿ ಬಹುಪಾಲು ನನ್ನ ಸಂಬಳದ್ದು. ಓದಿಸಿದವುಗಳಲ್ಲಿ ಹೆಚ್ಚಿನವು 99 ಶೇಕಡಾ ದಾಟಿ ಹಳೆಯ ಪ್ರಭೇದಗಳಿಗೇ ಹೊಂದಿದವು. ಈ ಒಂದು ಮಾತ್ರ ಟೆರಿಗ್ಲೋಬಸ್ ಕುಲದ ಹತ್ತಿರದ ಪ್ರಭೇದದೊಂದಿಗೆ 97ರ ಸುಮಾರಿನಲ್ಲಿ ನಿಂತಿತು. ಪ್ರಭೇದ ಬೇರೆ ಎಂದು ಶಂಕಿಸಲು ಈ ಹೊಂದಿಕೆ 98.7ಕ್ಕಿಂತ ಕಡಿಮೆ ಇದ್ದರೆ ಸಾಕು.

ನಡುವೆ ಹುತ್ತದ ಮಣ್ಣನ್ನೂ ಇದೇ ಕ್ರಮದಲ್ಲಿ ಹಚ್ಚಿ ನೋಡಿದೆ. ಅಲ್ಲಿ ಸ್ಟ್ರೆಪ್ಟೊಮೈಸಿಸ್ ಜಾತಿಯವೇ ಮೇಲುಗೈ ಸಾಧಿಸಿ, ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಮೊದಲ ಮಳೆಯ ಮಣ್ಣಿನ ವಾಸನೆ. ಮಾಧ್ಯಮಕ್ಕೆ ಸ್ವಲ್ಪ ಸೋಡಿಯಂ ಪೈರುವೇಟ್ ಬೆರೆಸಿದಾಗ ಸೊಪ್ಪಿನಬೆಟ್ಟದ ಮಣ್ಣಿನಿಂದ ತಡವಾಗಿ ಬರುವ ಕಾಲೊನಿಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಿದವು. ಪೆರಾಕ್ಸೈಡನ್ನು ಅದು ನುಂಗುತ್ತದೆ ಎಂಬುದರಿಂದ ಇದು ಅಚ್ಚರಿಯಲ್ಲ, ಅಡಿಕೆ ತೋಟದ ಮಣ್ಣಿಗೂ ಇದನ್ನು ಮುಂದುವರಿಸುವವನಿದ್ದೇನೆ.

ಪೂರ್ಣ ಜೀನೋಮಿಗೆ ಹದಿನೈದು ಸಾವಿರದ ಹತ್ತಿರ ಹತ್ತಿರ ಕೊಟ್ಟೆ, ಕೊಟ್ಟದ್ದು ವ್ಯರ್ಥವಾಗಲಿಲ್ಲ. ಸಮೀಪದ ಪ್ರಭೇದದೊಂದಿಗೆ ಎಎನ್‌ಐ (ಎರಡು ಜೀನೋಮುಗಳ ಸರಾಸರಿ ಹೋಲಿಕೆ) ಶೇಕಡಾ 80ರೊಳಗೇ ಬಂತು, ಒಂದೇ ಪ್ರಭೇದ ಎನ್ನಲು ಬೇಕಾದ 95-96ರ ಗಡಿಗೆ ಬಹಳ ಕೆಳಗೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಡಿಜಿಟಲ್ ಡಿಎನ್‌ಎ ಹೋಲಿಕೆಯೂ ಅದೇ ರೀತಿ 70ರ ಗೆರೆಗಿಂತ ಬಹಳ ಕೆಳಗೇ ಉಳಿಯಿತು. ವರ್ಗೀಕರಣಕ್ಕೆ ಕೋಶದ ರಾಸಾಯನಿಕಗಳನ್ನೂ ನೋಡಬೇಕು: ಉಸಿರಾಟದಲ್ಲಿ ನೆರವಾಗುವ ಮುಖ್ಯ ಕ್ವಿನೋನ್ ಎಂಕೆ-8. ಕೊಬ್ಬಿನಾಮ್ಲಗಳಲ್ಲಿ ಐಸೊ ಸಿ15 ಪ್ರಧಾನವಾಗಿತ್ತು. ಆದರೆ ಈ ಗುಂಪಿನ ವಿಶೇಷವಾದ ಐಸೊ-ಡಯಬೋಲಿಕ್ ಆಮ್ಲ ಮಾಮೂಲಿ ವಿಧಾನದಲ್ಲಿ ಕಾಣುವುದಿಲ್ಲ, ಆಮ್ಲ ಜಲವಿಭಜನೆ (ಆಮ್ಲದಿಂದ ಒಡೆಯುವುದು) ಮಾಡಿಸಿರೆಂದು ಪರೀಕ್ಷೆ ಮಾಡುವ ಲ್ಯಾಬಿಗೆ ಮೊದಲೇ ಪತ್ರದಲ್ಲಿ ಬರೆಯಬೇಕು. ಮೊದಲ ವರದಿಯಲ್ಲಿ ಅದು ಬಿಟ್ಟುಹೋಗಿ ಎರಡನೇ ಬಾರಿ ಹಣ ತೆರಬೇಕಾಯಿತು.

ಜೀನೋಮ್ ಒಂದನ್ನೇ ಆಧಾರವಾಗಿಟ್ಟುಕೊಂಡು ಹೆಸರಿಡಲು 2022ರ ಸೀಕ್‌ಕೋಡ್ ಎಂಬ ಹೆಸರಿಡುವ ನಿಯಮಾವಳಿ ಅವಕಾಶ ಕೊಡುತ್ತದೆ, ಅದೇ ಸುಲಭವೆಂದು ಕೆಲವರು ಸೂಚಿಸಿದರು. ನನಗೆ ಅದು ಒಪ್ಪಿಗೆಯಿಲ್ಲ. ಬೆಳೆಯುವ ತಳಿ ಕೈಯಲ್ಲಿದ್ದಾಗ ಅದನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇಟ್ಟು, ಬೇಕೆಂದವರಿಗೆ ಸಿಗುವಂತೆ ಮಾಡುವ ಹಳೆಯ ದಾರಿಯೇ ಸರಿ. ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರಕ್ಕೆ (ಎನ್‌ಸಿಎಂಆರ್) ಒಂದು ಹೋಯಿತು. ವಿದೇಶದ್ದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಕಾಗದಪತ್ರಗಳು ಬೇಕಾಗುವುದರಿಂದ ಲ್ಯಾಬಿನ ಕೆಲಸ ಮುಗಿಯುವುದನ್ನು ಕಾಯದೆ, ಜೀನೋಮಿಗೆ ಕಳಿಸುವ ದಿನವೇ ಅರ್ಜಿ ಹಾಕಿಬಿಡುವುದು ಒಳ್ಳೆಯದು. ಲೇಖನ ವಿಮರ್ಶಕರ ಕೈಯಲ್ಲಿರುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.