ಲೂಯಿಸಿಯಾನಾ ಖರೀದಿ: ತರಗತಿಯಲ್ಲಿ ಕ್ರಯಪತ್ರದಂತೆ ಓದಿಸಿದ್ದು

ಪದವಿ ತರಗತಿಗೆ ನಾನು ಅಮೆರಿಕದ ಇತಿಹಾಸ ಪಾಠ ಮಾಡುತ್ತೇನೆ. 1803ರಲ್ಲಿ ಫ್ರಾನ್ಸಿನ ನೆಪೋಲಿಯನ್, ಮಿಸಿಸಿಪ್ಪಿ ನದಿಯ ಪಶ್ಚಿಮದ ವಿಶಾಲ ಪ್ರದೇಶವಾದ ಲೂಯಿಸಿಯಾನಾವನ್ನು ಮಾರಿದ, ಜೆಫರ್ಸನ್ ಸರ್ಕಾರ 1.5 ಕೋಟಿ ಡಾಲರ್‌ಗೆ ಕೊಂಡಿತು, ದೇಶ ಸುಮಾರು ಎರಡು ಪಟ್ಟಾಯಿತು. ಹುಡುಗರು ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಮ್ಮಲ್ಲಿ ಜಾಸ್ತಿ ಮಂದಿ ರೈತರ ಮನೆಯವರು. ಕ್ರಯಪತ್ರದಲ್ಲಿ ಏನೇನು ನೋಡಬೇಕು ಅಂತ ಅವರಿಗೆ ಗೊತ್ತು. ಹಾಗಾಗಿ ಆ ಒಪ್ಪಂದವನ್ನು ಹಾಗೇ ಓದಿಸುತ್ತೇನೆ.

ಮೊದಲು ಬೋರ್ಡಿನ ಮೇಲೆ ಮಿಸಿಸಿಪ್ಪಿ ನದಿ ಬರೆಯುತ್ತೇನೆ. ಕೆಂಟಕಿ, ಓಹಿಯೋ ಕಡೆಯ ರೈತರ ಧಾನ್ಯ, ತಂಬಾಕು ಎಲ್ಲಾ ದೋಣಿಯಲ್ಲಿ ನ್ಯೂ ಆರ್ಲಿಯನ್ಸ್‌ಗೆ ಇಳಿಯಬೇಕಿತ್ತು. 1802ರಲ್ಲಿ ಅಲ್ಲಿನ ಸ್ಪೇನ್ ಅಧಿಕಾರಿ, ಸರಕು ಇಳಿಸಿಡುವ ಹಕ್ಕನ್ನೇ ನಿಲ್ಲಿಸಿದ. ಅಮೆರಿಕದ ರಾಯಭಾರಿಗಳಾದ ಲಿವಿಂಗ್‌ಸ್ಟನ್ ಮತ್ತು ಮನ್ರೋ ಪ್ಯಾರಿಸ್‌ನಲ್ಲಿ ಕೇಳಬೇಕಾಗಿದ್ದದ್ದು ಈ ಬಂದರು ಮತ್ತು ಫ್ಲೋರಿಡಾ ಕಡೆಯ ನೆಲ ಮಾತ್ರ. ಫ್ರಾನ್ಸ್ ಪೂರ್ತಿ ಲೂಯಿಸಿಯಾನಾವನ್ನೇ ಕೊಡಲು ಮುಂದಾಯಿತು.

ಯಾಕೆ ಅಂತ ಕೇಳಿದರೆ ಹೈಟಿಗೆ ಹೋಗಬೇಕು. ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ. ಆಗ ಅದು ಕೆರಿಬಿಯನ್ ಸಮುದ್ರದಲ್ಲಿ ಸಕ್ಕರೆ ಬೆಳೆಯುವ ಫ್ರೆಂಚ್ ವಸಾಹತು. ಗುಲಾಮರು ಬಂಡೆದ್ದು ಬಿಡುಗಡೆ ಪಡೆದಿದ್ದರು. ಅದನ್ನು ಮತ್ತೆ ಹಿಡಿತಕ್ಕೆ ತರಲು ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲರ್ಕ್‌ನನ್ನು ಸೈನ್ಯದೊಂದಿಗೆ ಕಳಿಸಿದ. ಹಳದಿ ಜ್ವರ ಮತ್ತು ಹೈಟಿ ಜನರ ಹೋರಾಟ ಆ ಸೈನ್ಯವನ್ನು ಮುಗಿಸಿತು. 1802ರ ನವೆಂಬರ್‌ನಲ್ಲಿ ಲೆಕ್ಲರ್ಕ್ ಕೂಡ ಸತ್ತ. ಹೈಟಿಗೆ ಆಹಾರ ಒದಗಿಸಲು ಲೂಯಿಸಿಯಾನಾ ಬೇಕಿತ್ತು; ಹೈಟಿಯೇ ಕೈಬಿಟ್ಟ ಮೇಲೆ ಅದರಿಂದ ಫ್ರಾನ್ಸಿಗೆ ಏನು ಉಪಯೋಗ? ಬ್ರಿಟನ್ ಜೊತೆಗಿನ ಯುದ್ಧಕ್ಕೆ ಹಣ ಬೇರೆ ಬೇಕಿತ್ತು. ಗುಲಾಮಗಿರಿಯನ್ನು ಮುರಿದವರ ಹೋರಾಟದಿಂದ ಅಮೆರಿಕಕ್ಕೆ ಸಿಕ್ಕ ನೆಲದಲ್ಲೇ ಗುಲಾಮಗಿರಿ ಹರಡಿತು. ಇದನ್ನು ಹೇಳದೆ ನಾನು ಯಾವತ್ತೂ ಮುಂದೆ ಹೋಗುವುದಿಲ್ಲ.

ಆಮೇಲೆ ಪತ್ರಗಳು ಕೈಗೆ. ಮಾರುವವನ ಹಕ್ಕು ನೋಡಿ ಅನ್ನುತ್ತೇನೆ. 1800ರ ಗುಟ್ಟಿನ ಒಪ್ಪಂದದಲ್ಲಿ ಸ್ಪೇನ್ ಇದನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತ್ತು, ಆಡಳಿತ ಮಾತ್ರ ಇನ್ನೂ ಸ್ಪೇನ್ ಕೈಯಲ್ಲೇ ಇತ್ತು. ಬೇರೆ ಯಾರಿಗೂ ಕೊಡುವುದಿಲ್ಲ ಅಂತ ಫ್ರಾನ್ಸ್ ಮಾತು ಕೊಟ್ಟಿತ್ತು. "ಹಾಗಾದ್ರೆ ಮಾರೋ ಹಕ್ಕೇ ಇರಲಿಲ್ವಾ ಸರ್?" ಈ ಪ್ರಶ್ನೆ ಬಂದರೆ ಪಾಠ ಸರಿಯಾದ ದಾರಿಯಲ್ಲಿದೆ ಅಂತ ಅರ್ಥ.

ಹಣದ ಲೆಕ್ಕ ಬೇಗ ಮುಗಿಸುತ್ತೇನೆ. ಫ್ರಾನ್ಸಿಗೆ 6 ಕೋಟಿ ಫ್ರಾಂಕ್, ಅಂದರೆ 112.5 ಲಕ್ಷ ಡಾಲರ್. ಅದೂ ಶೇ 6 ಬಡ್ಡಿಯ ಬಾಂಡ್‌ಗಳಲ್ಲಿ. ಉಳಿದದ್ದು, ಫ್ರಾನ್ಸ್ ಅಮೆರಿಕನ್ನರಿಗೆ ಕೊಡಬೇಕಿದ್ದ ಬಾಕಿ. ಅದನ್ನು ಅಮೆರಿಕ ಸರ್ಕಾರವೇ ತೀರಿಸಲು ಒಪ್ಪಿತು. ಬಾಂಡ್ ವ್ಯವಹಾರ ನಡೆಸಿದ ಎರಡು ಬ್ಯಾಂಕುಗಳಲ್ಲಿ ಬೇರಿಂಗ್ಸ್ ಲಂಡನ್ನಿನದು. ಅಷ್ಟು ಹೊತ್ತಿಗೆ ಬ್ರಿಟನ್ ಫ್ರಾನ್ಸ್ ಮೇಲೆ ಯುದ್ಧ ಸಾರಿತ್ತು!

ಚಕ್ಕುಬಂದಿ ಹುಡುಕಿ ಅಂದರೆ ಯಾರಿಗೂ ಸಿಗುವುದಿಲ್ಲ. ಸ್ಪೇನ್ ಕೈಯಲ್ಲಿ ಈಗ ಎಷ್ಟಿದೆಯೋ, ಹಿಂದೆ ಫ್ರಾನ್ಸ್ ಕೈಯಲ್ಲಿ ಎಷ್ಟಿತ್ತೋ ಅಷ್ಟು ಅಂತಷ್ಟೇ ಬರೆದಿದ್ದಾರೆ. ಪಶ್ಚಿಮದ ಗಡಿ ಸ್ಪೇನ್ ಜೊತೆ ತೀರ್ಮಾನವಾದದ್ದು 1819ರಲ್ಲಿ.

ಕೊನೆಗೆ ಸ್ವಾಧೀನ ಯಾರದು? ಇಲ್ಲಿ 6ನೇ ಕಲಮನ್ನು ಜೋರಾಗಿ ಓದಿಸುತ್ತೇನೆ. ಮೂಲನಿವಾಸಿ ಜನಾಂಗಗಳ ಜೊತೆ ಸ್ಪೇನ್ ಮಾಡಿಕೊಂಡ ಒಪ್ಪಂದಗಳನ್ನು, ಎರಡೂ ಕಡೆ ಒಪ್ಪಿ ಬೇರೆ ಮಾಡಿಕೊಳ್ಳುವವರೆಗೆ, ಅಮೆರಿಕ ಪಾಲಿಸಬೇಕು ಅಂತ ಅದರಲ್ಲಿದೆ. ಅಲ್ಲಿ ಜನ ಇದ್ದಾರೆ ಅಂತ ಕೊಂಡವರಿಗೂ ಮಾರಿದವರಿಗೂ ಗೊತ್ತಿತ್ತು, ಅಲ್ವಾ? ಆದರೂ ಓಸೇಜ್, ಪಾನಿ, ಸೂ ಜನರನ್ನು ಯಾರೂ ಕೇಳಲಿಲ್ಲ. ಫ್ರಾನ್ಸ್ ಮಾರಿದ್ದು ಹೆಚ್ಚಾಗಿ, ಅವರಿಂದ ನೆಲ ಪಡೆಯುವ ಹಕ್ಕನ್ನು. 1808ರಲ್ಲಿ ಓಸೇಜ್ ಜನ ಮಿಸೌರಿ ಮತ್ತು ಅರ್ಕನ್ಸಾ ನದಿಗಳ ನಡುವಿನ ದೊಡ್ಡ ಭಾಗವನ್ನು ಅಮೆರಿಕಕ್ಕೆ ಬರೆದುಕೊಟ್ಟರು. ವರ್ಷಕ್ಕೆ ಒಂದು ಪಂಗಡಕ್ಕೆ 1,000 ಡಾಲರ್, ಇನ್ನೊಂದಕ್ಕೆ 500 ಡಾಲರ್ ಬೆಲೆಯ ಸರಕು ಅಂತ ಒಪ್ಪಂದ.

ಪಾಠ ಮಾಡುವವರಿಗೆ ಒಂದು ಮಾತು. 1803ರ ಒಪ್ಪಂದ ಚಿಕ್ಕದು, ಇಂಟರ್ನೆಟ್‌ನಲ್ಲಿ ಪೂರ್ತಿ ಸಿಗುತ್ತದೆ. ಸಮಯ ಕಡಿಮೆ ಇದ್ದರೆ 1, 3 ಮತ್ತು 6ನೇ ಕಲಮು ಸಾಕು. ಪಕ್ಕದಲ್ಲಿ 1808ರ ಒಪ್ಪಂದವನ್ನೂ ಇಡಿ.