ತರಕಾರಿ ತೂಗಿ ಗುರುತಿಸುವ ಟ್ರಾಲಿ: ನಾನು ಮಾಡಿದ ಬಗೆ

ಹಾಕಿದ ಸಾಮಾನನ್ನು ತಾನೇ ಗುರುತಿಸುವ ಸ್ಮಾರ್ಟ್ ಟ್ರಾಲಿಗೆ ಸಾಬೂನು, ಬಿಸ್ಕತ್ತು, ಎಣ್ಣೆ ಪ್ಯಾಕೆಟ್ಟು ದೊಡ್ಡ ವಿಷಯವಲ್ಲ. ಬಾರ್‌ಕೋಡ್ ಓದಿದರೆ ಮುಗಿಯಿತು. ಕಷ್ಟವೆಲ್ಲ ತೊಂಡೆಕಾಯಿ, ಅಲಸಂಡೆ, ನೇಂದ್ರ ಬಾಳೆಯಂಥವುಗಳದು. ಅವಕ್ಕೆ ಕೋಡೂ ಇಲ್ಲ, ನಿಗದಿತ ತೂಕವೂ ಇಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಸೂಪರ್ ಮಾರ್ಕೆಟ್ ಒಂದರ ತರಕಾರಿ ವಿಭಾಗಕ್ಕೆಂದೇ ನಾನೊಂದು ಟ್ರಾಲಿ ಕಟ್ಟಿದ್ದೇನೆ. ಅದು ಈಗ ದಿನಾ ಓಡಾಡುತ್ತಿದೆ. ನನ್ನ ಹಾಗೆ ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಅಮೆಜಾನ್ 2020ರಲ್ಲಿ ಹೊರತಂದ ಡ್ಯಾಶ್ ಕಾರ್ಟ್ ಎಂಬ ಸ್ಮಾರ್ಟ್ ಟ್ರಾಲಿಯಲ್ಲಿ ಗ್ರಾಹಕರು ಹಣ್ಣಿನ ಪಿಎಲ್‌ಯು ಸಂಖ್ಯೆಯನ್ನು ಪರದೆಯಲ್ಲಿ ಒತ್ತಿ, ಹಣ್ಣನ್ನು ಟ್ರಾಲಿಯೊಳಗೆ ಇಡಬೇಕಿತ್ತು. ತೂಕವನ್ನು ಟ್ರಾಲಿ ನೋಡಿಕೊಳ್ಳುತ್ತಿತ್ತು. ಆಮದು ಸೇಬಿನ ಮೇಲೆ ಅಂಟಿಸಿರುವ ಸಣ್ಣ ಚೀಟಿಯ ನಾಲ್ಕಂಕಿಯೇ ಈ ಪಿಎಲ್‌ಯು. ಹಳದಿ ಬಾಳೆಗೆ 4011, ಸಾವಯವವಾದರೆ ಮುಂದೆ 9 ಸೇರಿ 94011. ನಮ್ಮಲ್ಲಿ ಕಿವಿ ಹಣ್ಣಿಗೆ ಆ ಚೀಟಿ ಇದ್ದೀತು, ಪಕ್ಕದ ತೋಟದಿಂದ ಬೆಳಿಗ್ಗೆ ಬಂದ ಹರಿವೆಗೆ ಎಲ್ಲಿಂದ ಬರಬೇಕು? ಹಾಗಾಗಿ ಗುರುತಿಸುವ ಕೆಲಸಕ್ಕೆ ಕ್ಯಾಮೆರಾ ಬೇಕೇ ಬೇಕಾಯಿತು.

ಆದರೆ ನಾನು ಮೊದಲು ಕೈಹಾಕಿದ್ದು ತೂಕಕ್ಕೆ. ಹೆಚ್ಚಿನವರು ಬುಟ್ಟಿಯ ನಾಲ್ಕು ಮೂಲೆಗೆ ಲೋಡ್‌ಸೆಲ್ (ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹಾಕಿ, ಹೊಸ ಸಾಮಾನು ಬಿದ್ದಾಗ ಹಿಂದಿನ ತೂಕ ಕಳೆದು ಲೆಕ್ಕ ಹಾಕುತ್ತಾರೆ. ಪ್ಯಾಕೆಟ್ ಸಾಮಾನು ಕದ್ದುಮುಚ್ಚಿ ಒಳಗೆ ಹೋಗಿಲ್ಲವಷ್ಟೆ ಎಂದು ನೋಡಲು ಅದು ಸಾಕು. ಹಣ ಲೆಕ್ಕ ಹಾಕಲು ಸಾಲದು. ಅಂಗಡಿಗಳಲ್ಲಿ ಕಾಣುವ 30 ಕೆಜಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಮಾನ್ಯವಾಗಿ 5 ಗ್ರಾಂ ವಿಭಾಗದ್ದು, ಅಂದರೆ ಐದೈದು ಗ್ರಾಮಿನ ಹೆಜ್ಜೆಯಲ್ಲಿ ತೂಕ ತೋರಿಸುವಂಥದು; ನಿಖರತೆಯಲ್ಲಿ ಮೂರನೇ ದರ್ಜೆಯದು. ಸರಕಾರಿ ಪರೀಕ್ಷೆ ಮಾಡಿ ಮುದ್ರೆ ಹಾಕುವಾಗ ಅದಕ್ಕೆ ಒಪ್ಪಿಗೆಯಿರುವ ವ್ಯತ್ಯಾಸ 2.5 ಕೆಜಿವರೆಗೆ 2.5 ಗ್ರಾಂ, 10 ಕೆಜಿವರೆಗೆ 5 ಗ್ರಾಂ, ಅದರ ಮೇಲೆ 7.5 ಗ್ರಾಂ. ಬುಟ್ಟಿಯಲ್ಲಿ ಆಗಲೇ ಅಕ್ಕಿ, ತೆಂಗಿನಕಾಯಿ ಸೇರಿ ಹನ್ನೆರಡು ಕೆಜಿ ಇದೆ, ಮೇಲಿಂದ ನೂರು ಗ್ರಾಂ ಶುಂಠಿ ಹಾಕಿದರು ಅನ್ನಿ. ಮೊದಲಿನ ತೂಕದಲ್ಲೂ 7.5 ಗ್ರಾಂವರೆಗೆ ವ್ಯತ್ಯಾಸ ಇರಬಹುದು, ನಂತರದ್ದರಲ್ಲೂ ಇರಬಹುದು. ಒಳ್ಳೆಯ ತಕ್ಕಡಿಯಲ್ಲೇ ಈ ಪಾಡು. ಎರಡೂ ತಪ್ಪುಗಳನ್ನು ಆ ಶುಂಠಿ ಹೊರಬೇಕು.

ಅದಕ್ಕೇ ಟ್ರಾಲಿಯ ಹಿಡಿಯ ಹತ್ತಿರ ತರಕಾರಿಗೆಂದು ಬೇರೆಯೇ ತಟ್ಟೆ ಇಟ್ಟೆ. ಕೆಳಗೆ 5 ಕೆಜಿಯ ಒಂದೇ ಲೋಡ್‌ಸೆಲ್, ಅದರ ಸಂಕೇತ ಓದಲು ಎಚ್‌ಎಕ್ಸ್711 ಚಿಪ್. ಗಿರಾಕಿ ತರಕಾರಿಯನ್ನು ಮೊದಲು ತಟ್ಟೆಯಲ್ಲಿಟ್ಟು, ಪರದೆಯಲ್ಲಿ ಒಪ್ಪಿ, ಆಮೇಲೆ ಬುಟ್ಟಿಗೆ ಹಾಕಬೇಕು. ಒಂದು ಕೈಕೆಲಸ ಹೆಚ್ಚು, ನಿಜ. ಆದರೆ ತೂಕ ಶುದ್ಧವಾಗಿ ಸಿಗುತ್ತದೆ. ಟ್ರಾಲಿ ತಳ್ಳುವಾಗ ಅಂಕಿ ಕುಣಿಯುತ್ತಲೇ ಇರುತ್ತದೆ, ಮಗು ಅಂಚು ಹಿಡಿದುಕೊಂಡರೂ ಕುಣಿಯುತ್ತದೆ. ಎಚ್‌ಎಕ್ಸ್711 ಸೆಕೆಂಡಿಗೆ 10 ಸಲ ಓದುತ್ತದೆ. ಒಂದು ಸೆಕೆಂಡಿನ ಓದುಗಳಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಒಂದು ವಿಭಾಗಕ್ಕಿಂತ ಹೆಚ್ಚು ಅಂತರ ಇಲ್ಲದಿದ್ದರೆ ಮಾತ್ರ ತೂಕ ಗಟ್ಟಿ, ಆಗಲೇ ಪರದೆಯ ಅಂಕಿ ಹಸಿರಾಗುತ್ತದೆ. ಸರಾಸರಿ ತೆಗೆದು ಬೇಗ ತೋರಿಸುವ ಆಸೆ ಬೇಡ. ಅಲುಗಾಟದ ಸರಾಸರಿ ತೂಕವಲ್ಲ.

ತೀರಾ ಸಣ್ಣ ತೂಕದ್ದು ಇನ್ನೊಂದು ಮಾತು. ಮೂರನೇ ದರ್ಜೆಯ ತಕ್ಕಡಿಯಲ್ಲಿ ವಿಭಾಗದ 20 ಪಟ್ಟಿಗಿಂತ ಕಡಿಮೆ ತೂಗಬಾರದು, ಅಂದರೆ 5 ಗ್ರಾಂ ವಿಭಾಗದ್ದರಲ್ಲಿ 100 ಗ್ರಾಂ. ತಕ್ಕಡಿಯ ಫಲಕದಲ್ಲೇ ಅದು ಬರೆದಿರುತ್ತದೆ, ಯಾರೂ ಓದುವುದಿಲ್ಲ. ಗಾಂಧಾರಿ ಮೆಣಸನ್ನು ಐವತ್ತು ಗ್ರಾಂ ಕೊಳ್ಳುವವರೇ ಹೆಚ್ಚು, ಅದರ ಕ್ರಯವೂ ಜೋರು. ಅದನ್ನು ಟ್ರಾಲಿಯಲ್ಲಿ ತೂಗುವುದೇ ಬೇಡವೆಂದು ಸೂಕ್ಷ್ಮ ತಕ್ಕಡಿಯಲ್ಲಿ ಮೊದಲೇ ತೂಗಿ, ಪೊಟ್ಟಣ ಕಟ್ಟಿ, ಅಂಗಡಿಯ ಒಳಬಳಕೆಯ ಬಾರ್‌ಕೋಡ್ ಅಂಟಿಸುತ್ತೇವೆ. 20ರಿಂದ 29ರವರೆಗಿನ ಅಂಕಿಯಿಂದ ಶುರುವಾಗುವ ಹದಿಮೂರಂಕಿಯ ಕೋಡುಗಳು ಇದಕ್ಕೆಂದೇ ಇವೆ. ಸಾಮಾನಿನ ಸಂಖ್ಯೆಯೂ ತೂಕವೋ ಬೆಲೆಯೋ ಕೂಡ ಅದರೊಳಗೇ ಕೂರುತ್ತವೆ.

ಇನ್ನು ಕ್ಯಾಮೆರಾ. ಚಿತ್ರ ನೋಡಿ ವಸ್ತು ಗುರುತಿಸಲು ಮೊದಲೇ ತರಬೇತಾದ ಮೊಬೈಲ್‌ನೆಟ್ ಎಂಬ ಕಂಪ್ಯೂಟರ್ ಮಾದರಿಗೆ ನಮ್ಮ ಅಂಗಡಿಯ ಚಿತ್ರಗಳನ್ನು ಕೊಟ್ಟು ಕಲಿಸಿದೆ. ಅಂತರ್ಜಾಲದಲ್ಲಿ ಸಿಗುವ ಚಿತ್ರಗಳಲ್ಲಿ ಪಟ್ಲಕಾಯಿ ಅಪರೂಪ, ಜೀಗುಜ್ಜೆ ಇನ್ನೂ ಅಪರೂಪ. ಇರುವವೂ ಬಿಳಿ ಹಿನ್ನೆಲೆಯಲ್ಲಿ ಹೊಳೆಯುವಂಥವು. ಆದ್ದರಿಂದ ಅದೇ ತಟ್ಟೆ, ಅದೇ ಟ್ಯೂಬ್‌ಲೈಟು, ಅದೇ ಎತ್ತರದ ಕ್ಯಾಮೆರಾದಲ್ಲಿ ನಾವೇ ತೆಗೆದೆವು. ಬೆಳಿಗ್ಗೆಯ ತಾಜಾ ಬಸಳೆಯನ್ನೂ ಸಂಜೆ ಬಾಡಿದ್ದನ್ನೂ, ನೀರು ಚಿಮುಕಿಸಿದ್ದನ್ನೂ, ನೇಂದ್ರದ ಹಸಿರಿನಿಂದ ಕಪ್ಪು ಚುಕ್ಕೆಯವರೆಗಿನ ಎಲ್ಲ ಬಣ್ಣಗಳನ್ನೂ ಸೇರಿಸಿದೆವು.

ಇಲ್ಲಿ ತೂಕವೂ ಸಾಕ್ಷಿ ಹೇಳುತ್ತದೆ, ನನ್ನ ಕೆಲಸದ ತಿರುಳು ಇದೇ. ಸಣ್ಣ ಈರುಳ್ಳಿಗೂ ದೊಡ್ಡ ಈರುಳ್ಳಿಗೂ ಬಣ್ಣ, ಆಕಾರ ಒಂದೇ, ಕ್ರಯದಲ್ಲಿ ಮಾತ್ರ ಭಾರೀ ವ್ಯತ್ಯಾಸ. ತಟ್ಟೆಯಲ್ಲಿ ಕಾಣುವ ಗಡ್ಡೆಗಳ ಲೆಕ್ಕವನ್ನು ತೂಕದ ಜತೆ ಇಟ್ಟು ನೋಡಿದರೆ ಗಡ್ಡೆಗೆ ಹತ್ತು ಗ್ರಾಮೋ ನೂರು ಗ್ರಾಮೋ ಎಂದು ಗೊತ್ತಾಗಿಬಿಡುತ್ತದೆ. ಹಾಗೆಯೇ ಎರಡು ಕೆಜಿ ತೂಗುವ ಒಂದೇ ಕಾಯಿಯನ್ನು ಕ್ಯಾಮೆರಾ ಮುಳ್ಳುಸೌತೆ ಎಂದರೆ ನಂಬಬೇಕಾಗಿಲ್ಲ, ಅದು ಬಲಿತ ಮಂಗಳೂರು ಸೌತೆ. ಕೆಲವು ಕಡೆ ತೂಕವೂ ಸೋಲುತ್ತದೆ. ಶುಂಠಿಗೂ ಮಾವಿನಶುಂಠಿಗೂ ಪರಿಮಳದಲ್ಲೇ ವ್ಯತ್ಯಾಸ, ಅದನ್ನು ಮೂಸಲು ಯಂತ್ರಕ್ಕೆ ಆಗುವುದಿಲ್ಲ. ಅದಕ್ಕೇ ಪರದೆಯಲ್ಲಿ ಒಂದೇ ಉತ್ತರ ಬರುವುದಿಲ್ಲ. ಹೆಚ್ಚು ಸಾಧ್ಯವಿರುವ ಮೂರು ತರಕಾರಿಗಳ ದೊಡ್ಡ ಚಿತ್ರ ಬರುತ್ತದೆ, ಗಿರಾಕಿ ಮುಟ್ಟಿ ಆರಿಸುತ್ತಾರೆ. ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಮಾತಾಡುವವರು ಬರುವ ಅಂಗಡಿಗೆ ಚಿತ್ರವೇ ಅನುಕೂಲ.

ಇನ್ನೊಂದು ವಿಷಯ ನನಗೆ ಬಹಳ ಖುಷಿ ಕೊಟ್ಟಿತು. ಊರಿನ ಹರಿವೆಗೂ ಘಟ್ಟದ ಮೇಲಿಂದ ಬಂದದ್ದಕ್ಕೂ ಕ್ರಯ ಬೇರೆ, ಮಾದರಿ ಎರಡನ್ನೂ ಚೆನ್ನಾಗಿ ಬೇರ್ಪಡಿಸುತ್ತಿತ್ತು. ಯಾಕೆಂದು ಹುಡುಕಿದರೆ, ಅದು ನೋಡುತ್ತಿದ್ದದ್ದು ಎಲೆಯನ್ನಲ್ಲ, ಕಟ್ಟನ್ನು. ಊರಿನದಕ್ಕೆ ಬಾಳೆನಾರು, ಹೊರಗಿನದಕ್ಕೆ ರಬ್ಬರ್ ಬ್ಯಾಂಡು. ಕಟ್ಟು ಮುಚ್ಚಿ ತೋರಿಸಿದಾಗ ಗೊಂದಲ ಶುರು. ಆಮೇಲೆ ಅಂಗಡಿಯ ಧಣಿಗಳೇ, “ಹಾಗಾದರೆ ಊರಿನ ಅಲಸಂಡೆಗೂ ಬಾಳೆನಾರೇ ಕಟ್ಟುವ ಮಾರಾಯ್ರೆ” ಎಂದರು. ಈಗ ಅದೇ ಪದ್ಧತಿ. ಕಟ್ಟಿನ ಲೆಕ್ಕದಲ್ಲಿ ಮಾರುವ ಸೊಪ್ಪಿಗೆ ತೂಕ ಬೇಡ, ಮಳೆಗಾಲದಲ್ಲಿ ಅದೇ ಒಳ್ಳೆಯದು, ನೀರಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಾದ ಕಾರಣ ಹಲವರು ಬಟ್ಟೆ ಚೀಲ ತರುತ್ತಾರೆ. ಚೀಲದೊಳಗಿನದು ಕ್ಯಾಮೆರಾಕ್ಕೆ ಕಾಣದು, ಚೀಲದ ತೂಕವೂ ಸೇರಬಾರದು. ತರಕಾರಿ ಬರಿದಾಗಿ ತಟ್ಟೆಗೆ, ಆಮೇಲೆ ಚೀಲಕ್ಕೆ ಎಂಬ ಕ್ರಮ ಎರಡನ್ನೂ ಪರಿಹರಿಸಿತು.

ಕಾನೂನಿನ ವಿಷಯದಲ್ಲಿ ಸಡಿಲ ಬಿಡಬೇಡಿ. 2009ರ ಲೀಗಲ್ ಮೆಟ್ರಾಲಜಿ ಕಾಯಿದೆಯಂತೆ ಹಣಕ್ಕೆ ತೂಗುವ ಯಂತ್ರದ ಮಾದರಿಗೆ ಒಪ್ಪಿಗೆ ಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ, ಮುದ್ರೆ ಬೇಕು. ನಾನು ಕಟ್ಟಿದ ತಟ್ಟೆಗೆ ಅದಿಲ್ಲ. ಆದ್ದರಿಂದ ಟ್ರಾಲಿ ತೋರಿಸುವುದು ಅಂದಾಜು ತೂಕ, ಪರದೆಯಲ್ಲೂ ಹಾಗೆಯೇ ಬರೆದಿದ್ದೇವೆ. ತರಕಾರಿ ಯಾವುದೆಂಬುದು ವೈಫೈ ಮೂಲಕ ಮೊದಲೇ ಕೌಂಟರಿಗೆ ಹೋಗಿರುತ್ತದೆ, ಅಲ್ಲಿ ಮುದ್ರೆಯ ತಕ್ಕಡಿಯಲ್ಲಿ ಇಟ್ಟ ಕೂಡಲೇ ಬಿಲ್ಲು. ಕೋಡ್ ಹುಡುಕುವ ಕೆಲಸ ತಪ್ಪಿದ್ದರಿಂದಲೇ ಸಂಜೆಯ ಸಾಲು ಬೇಗ ಕರಗುತ್ತದೆ.

ತರಕಾರಿ ಕಟ್ಟೆಯ ಮೇಲೆ ಮುದ್ರೆ ಇರುವ ಒಂದು ಕೆಜಿಯ ಬಟ್ಟು ಇಟ್ಟಿದ್ದೇವೆ. ಅಂಗಡಿ ತೆರೆದ ಕೂಡಲೇ ಹುಡುಗರು ಅದನ್ನು ತಟ್ಟೆಯ ನಡುವೆಯೂ ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡುತ್ತಾರೆ, ಎಲ್ಲ ಕಡೆ ಒಂದೇ ಅಂಕಿ ಬಂದರೆ ಮಾತ್ರ ಟ್ರಾಲಿ ಹೊರಗೆ. ಗಿರಾಕಿಗಳೂ ಕೇಳಿ ಇಟ್ಟು ನೋಡಬಹುದು, ಹಲವರು ನೋಡುತ್ತಾರೆ.